ಕ್ಯಾಲಿಫೋರ್ನಿಯಾದಲ್ಲಿ ಪೀಸ್ ಆಫೀಸರ್ ಆಗಬೇಕೆ? ಸರ್ಟಿಫಿಕೇಟ್ ಕೊನೆಗೆ, ಉಳಿದದ್ದೆಲ್ಲ ಮೊದಲು

"ಪೀಸ್ ಆಫೀಸರ್ ಸರ್ಟಿಫಿಕೇಟಿನ ಪರೀಕ್ಷೆ ಯಾವಾಗ, ಅರ್ಜಿ ಎಲ್ಲಿ ಹಾಕಬೇಕು?" ಬೇ ಏರಿಯಾ, ಸ್ಯಾಕ್ರಮೆಂಟೊ ಕಡೆಯ ಕನ್ನಡಿಗರು, ಅದರಲ್ಲೂ ಮಗನೋ ಮಗಳೋ ಪೊಲೀಸ್ ಆಗುತ್ತೇನೆಂದು ಹಟ ಹಿಡಿದ ಮನೆಯವರು, ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅಂಥ ಪರೀಕ್ಷೆಯೇ ಇಲ್ಲ. ವಕೀಲರ ಹಾಗೆ ಮೊದಲು ಸನ್ನದು ಪಡೆದು ಆಮೇಲೆ ಕೆಲಸ ಹುಡುಕುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಮೊದಲು ಒಂದು ಇಲಾಖೆ ನಿಮ್ಮನ್ನು ನೇಮಿಸಿಕೊಳ್ಳಬೇಕು. ಅಕಾಡೆಮಿ ಎಂಬ ಪೊಲೀಸ್ ತರಬೇತಿ ಶಾಲೆ, ಬೀದಿಯ ತರಬೇತಿ, ಪ್ರೊಬೇಷನ್ ಎಲ್ಲ ಮುಗಿದ ಮೇಲೆ ಸರ್ಟಿಫಿಕೇಟ್ ಕೈಗೆ ಬರುತ್ತದೆ. ಈ ಕ್ರಮ ತಲೆಗೆ ಹೋದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ.

ಮೊದಲು ಎರಡು ಪದ. "ಪೀಸ್ ಆಫೀಸರ್" ಎಂದರೆ ಬಂಧಿಸುವ ಅಧಿಕಾರವನ್ನು ಕಾನೂನೇ ಕೊಟ್ಟಿರುವ ಅಧಿಕಾರಿ. ಯಾರು ಯಾರು ಎಂಬ ಪಟ್ಟಿ ಕ್ಯಾಲಿಫೋರ್ನಿಯಾದ ಪೀನಲ್ ಕೋಡ್‌ನ 830ನೇ ಸೆಕ್ಷನ್‌ನಿಂದ ಶುರುವಾಗುತ್ತದೆ. ನಗರ ಪೊಲೀಸರು, ಕೌಂಟಿಯ ಡೆಪ್ಯೂಟಿ ಶೆರಿಫ್‌ಗಳು, ಡಿಸ್ಟ್ರಿಕ್ಟ್ ಅಟಾರ್ನಿ ಕಚೇರಿಯ ತನಿಖಾಧಿಕಾರಿಗಳು 830.1ರಲ್ಲಿ ಬರುತ್ತಾರೆ. ಹೈವೇ ಪೆಟ್ರೋಲ್ ಮತ್ತು ವಿಶ್ವವಿದ್ಯಾಲಯದ ಪೊಲೀಸರು 830.2ರಲ್ಲಿ. ಮಾಲ್‌ನ ಸೆಕ್ಯುರಿಟಿ ಗಾರ್ಡ್ ಈ ಪಟ್ಟಿಯಲ್ಲಿಲ್ಲ, ಸಮವಸ್ತ್ರ ಎಷ್ಟೇ ಹೋಲಲಿ. ಎರಡನೆಯ ಪದ "ಪೋಸ್ಟ್". ಅಂಚೆಗೂ ಇದಕ್ಕೂ ಸಂಬಂಧವಿಲ್ಲ. ಇದು ಕಮಿಷನ್ ಆನ್ ಪೀಸ್ ಆಫೀಸರ್ ಸ್ಟ್ಯಾಂಡರ್ಡ್ಸ್ ಅಂಡ್ ಟ್ರೈನಿಂಗ್ ಎಂಬ ರಾಜ್ಯ ಸಂಸ್ಥೆಯ ಸಂಕ್ಷಿಪ್ತ ಹೆಸರು. 1959ರಲ್ಲಿ ಹುಟ್ಟಿದ್ದು, ಕಚೇರಿ ವೆಸ್ಟ್ ಸ್ಯಾಕ್ರಮೆಂಟೊದಲ್ಲಿ. ಆಯ್ಕೆಯ ಕನಿಷ್ಠ ನಿಯಮಗಳನ್ನು ಹಾಕುವುದೂ ಸರ್ಟಿಫಿಕೇಟ್ ಕೊಡುವುದೂ ಇದೇ ಸಂಸ್ಥೆ. 2023ರ ಜನವರಿಯಿಂದ, ಸೆನೆಟ್ ಬಿಲ್ 2ರ ಪ್ರಕಾರ, ದುರ್ನಡತೆಯವರಿಂದ ಅದನ್ನು ಕಿತ್ತುಕೊಳ್ಳುವ ಅಧಿಕಾರವೂ ಇದಕ್ಕಿದೆ.

ಅರ್ಜಿಗೆ ಮೊದಲು: ನಿಮಗೆ ಅರ್ಹತೆ ಇದೆಯೆ?

ವಯಸ್ಸು: ನಗರ ಪೊಲೀಸ್, ಶೆರಿಫ್, ಹೈವೇ ಪೆಟ್ರೋಲ್ ಹುದ್ದೆಗಳಿಗೆ ನೇಮಕದ ದಿನ 21 ತುಂಬಿರಬೇಕು. ಮೊದಲು 18 ಇತ್ತು, 2022ರಿಂದ ಬದಲಾಯಿತು. ಹಳೆಯ ಬರಹಗಳಲ್ಲಿ ಇನ್ನೂ 18 ಎಂದೇ ಇರುತ್ತದೆ, ನಂಬಬೇಡಿ. 20 ದಾಟಿದವರ ಅರ್ಜಿಯನ್ನು ಕೆಲವು ಇಲಾಖೆಗಳು ಮೊದಲೇ ತೆಗೆದುಕೊಳ್ಳುತ್ತವೆ.

ಪೌರತ್ವ: 2023ರಿಂದ ರಾಜ್ಯದ ಕಾನೂನು ಪೌರತ್ವ ಕೇಳುವುದಿಲ್ಲ, ಅಮೆರಿಕದಲ್ಲಿ ಕೆಲಸ ಮಾಡುವ ಕಾನೂನುಬದ್ಧ ಅನುಮತಿ ಇದ್ದರೆ ಸಾಕು. ಇದನ್ನು ಓದಿ ಎಚ್-1ಬಿ ಮೇಲಿರುವವರು ಹಿಗ್ಗಬೇಕಿಲ್ಲ. ಎಚ್-1ಬಿಯ ಅನುಮತಿ ಒಬ್ಬ ಉದ್ಯೋಗದಾತನಿಗೆ, ಒಂದು ಬಗೆಯ ಕೆಲಸಕ್ಕೆ ಕಟ್ಟಿಹಾಕಿದ್ದು. ಸಾಲದ್ದಕ್ಕೆ, ನಾನ್-ಇಮಿಗ್ರಂಟ್ ವೀಸಾದ ಮೇಲೆ ಬಂದವರು ಬಂದೂಕು, ಗುಂಡು ಇಟ್ಟುಕೊಳ್ಳುವುದಕ್ಕೆ ಒಕ್ಕೂಟ ಸರ್ಕಾರದ ಕಾನೂನು ಅಡ್ಡ ಬರುತ್ತದೆ. ಅದರ ವಿನಾಯಿತಿಗಳು ಬಹಳ ಸೀಮಿತ. ಹಾಗಾಗಿ ಗ್ರೀನ್ ಕಾರ್ಡ್ ಬಂದ ಮೇಲೆ ಅರ್ಜಿ ಹಾಕುವುದೇ ಸರಿ. ಗ್ರೀನ್ ಕಾರ್ಡ್ ಇದ್ದರೂ ಆಯಾ ಇಲಾಖೆಯ ಸ್ವಂತ ಷರತ್ತನ್ನು ಪ್ರಕಟಣೆಯಲ್ಲಿ ಓದಿಕೊಳ್ಳಿ.

ಓದು: ಊರಿನಲ್ಲಿ ಓದಿ ಬಂದವರು ಎಡವುವುದು ಇಲ್ಲೇ. ಕಾನೂನು ಕೇಳುವುದು ಹೈಸ್ಕೂಲ್ ಪದವಿ, ಇಲ್ಲವೇ ಜಿಇಡಿಯಂಥ ಸಮಾನ ಪರೀಕ್ಷೆ, ಇಲ್ಲವೇ ಮಾನ್ಯತೆ ಇರುವ ಕಾಲೇಜಿನ ಎರಡು ಅಥವಾ ನಾಲ್ಕು ವರ್ಷದ ಪದವಿ. ಮಾನ್ಯತೆ ಎಂದರೆ ಇಲ್ಲಿನ ಲೆಕ್ಕದ ಮಾನ್ಯತೆ. ಪಿಯುಸಿ ಅಂಕಪಟ್ಟಿಯನ್ನೋ ಬೆಂಗಳೂರಿನ ಬಿ.ಇ. ಪದವಿಯನ್ನೋ ನೆಚ್ಚಿಕೊಂಡು ಕೂತರೆ ತಿಂಗಳುಗಟ್ಟಲೆ ಪತ್ರವ್ಯವಹಾರ ಆಗಿ ಕೊನೆಗೆ "ಸಾಲದು" ಎಂಬ ಉತ್ತರ ಬರಬಹುದು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮಾಡಿದ್ದರೆ ಅದನ್ನೇ ಮುಂದಿಡಿ. ಇಲ್ಲದಿದ್ದರೆ ವಾದ ಮಾಡುವ ಬದಲು ಜಿಇಡಿ ಬರೆದುಬಿಡಿ. ಎಂಜಿನಿಯರ್ ಆದವರು ಹೈಸ್ಕೂಲ್ ಪರೀಕ್ಷೆ ಬರೆಯುವುದೇ ಎಂಬ ಬಿಗುಮಾನ ಬೇಡ.

ಅಪರಾಧ: ಫೆಲನಿ, ಅಂದರೆ ಗಂಭೀರ ಅಪರಾಧ, ಸಾಬೀತಾಗಿದ್ದರೆ ದಾರಿ ಮುಚ್ಚಿದಂತೆ. ಮಿಸ್‌ಡಿಮೀನರ್, ಅಂದರೆ ಸಣ್ಣ ಅಪರಾಧ, ತಾನಾಗಿ ಅನರ್ಹತೆ ತರುವುದಿಲ್ಲ. ಆದರೆ ಕೆಲವಕ್ಕೆ 10 ವರ್ಷ ಬಂದೂಕು ನಿಷೇಧ ಅಂಟಿಕೊಂಡಿರುತ್ತದೆ. ಕೌಟುಂಬಿಕ ಹಿಂಸೆಯದಾದರೆ ಒಕ್ಕೂಟ ಕಾನೂನಿನ ನಿಷೇಧವೂ ಸೇರುತ್ತದೆ. ಬಂದೂಕು ಹಿಡಿಯಲಾಗದವರು ಈ ಕೆಲಸ ಮಾಡಲಾಗದು. ಕೋರ್ಟಿನ ರಿಸ್ಟ್ರೇನಿಂಗ್ ಆರ್ಡರ್, ಅಂದರೆ ಇಂಥವರ ತಂಟೆಗೆ ಹೋಗಬಾರದೆಂಬ ಆಜ್ಞೆ, ಜಾರಿಯಲ್ಲಿರುವಾಗಲೂ ಇದೇ ತೊಡಕು.

ಹಂತ 1: ಯಾವ ಬಾಗಿಲಿನಿಂದ ಒಳಗೆ?

ಎರಡು ಬಾಗಿಲಿವೆ. ಒಂದು, ಇಲಾಖೆಯೇ ನಿಮ್ಮನ್ನು "ರಿಕ್ರೂಟ್" ಎಂದು ತೆಗೆದುಕೊಂಡು ಸಂಬಳ ಕೊಟ್ಟು ಅಕಾಡೆಮಿಗೆ ಕಳಿಸುವುದು. ಇನ್ನೊಂದು, ನೀವೇ ದುಡ್ಡು ಕಟ್ಟಿ ಕಮ್ಯುನಿಟಿ ಕಾಲೇಜಿನ ಅಕಾಡೆಮಿ ಸೇರಿ, ಮುಗಿಸಿಕೊಂಡು ಕೆಲಸ ಹುಡುಕುವುದು. ನಾಪಾ ವ್ಯಾಲಿ ಕಾಲೇಜು, ಸಾಂಟಾ ರೋಸಾ ಜೂನಿಯರ್ ಕಾಲೇಜು, ದಕ್ಷಿಣದಲ್ಲಿ ರಿಯೊ ಹಾಂಡೊ, ಗೋಲ್ಡನ್ ವೆಸ್ಟ್ ಇಂಥವು. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಕಾಲೇಜು ಶುಲ್ಕ ಯೂನಿಟ್‌ಗೆ 46 ಡಾಲರ್. ಹೊರೆಯಾಗುವುದು ಅದಲ್ಲ. ಸಮವಸ್ತ್ರ, ಬೆಲ್ಟು, ಬೂಟು, ಗುಂಡುಗಳ ಖರ್ಚು ಮತ್ತು ಸುಮಾರು ಆರು ತಿಂಗಳ ಸಂಬಳವಿಲ್ಲದ ಬದುಕು.

ಇಲಾಖೆಯ ಬಾಗಿಲನ್ನೇ ಮೊದಲು ತಟ್ಟಿ ಎಂಬುದು ನಮ್ಮ ಸಲಹೆ. ಅದಕ್ಕೆ ಹಣಕ್ಕಿಂತ ದೊಡ್ಡ ಕಾರಣವಿದೆ. ಅಕಾಡೆಮಿಗೆ ಮೊದಲೇ ಇಲಾಖೆ ನಿಮ್ಮ ಹಿನ್ನೆಲೆ ಜಾಲಾಡಿಸುತ್ತದೆ. ಸ್ವಂತ ಖರ್ಚಿನಲ್ಲಿ ಹೋದವರಿಗೆ ಹಿನ್ನೆಲೆಯ ತೊಡಕು ಗೊತ್ತಾಗುವುದು ಎಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಗಡಿಯಾರ ಓಡತೊಡಗಿರುತ್ತದೆ: ಅಕಾಡೆಮಿ ಮುಗಿಸಿ 3 ವರ್ಷದೊಳಗೆ ನೇಮಕವಾಗದಿದ್ದರೆ ಆ ತರಬೇತಿಗೆ ಬೆಲೆ ಇಲ್ಲ, ಮರು-ಅರ್ಹತೆಯ ಕೋರ್ಸ್ ಮಾಡಬೇಕು.

ಸ್ವಂತವಾಗಿ ಸೇರುವವರು ರಾಜ್ಯದ ನ್ಯಾಯ ಇಲಾಖೆಯಿಂದ "ಬಂದೂಕು ಹೊಂದಲು ಅಡ್ಡಿಯಿಲ್ಲ" ಎಂಬ ಪತ್ರ ತರಬೇಕು. ಬೆರಳಚ್ಚು ಕೊಟ್ಟು ಕಾಯಬೇಕಾದ ಕೆಲಸ, ತರಗತಿಗೆ ವಾರವಿರುವಾಗ ಓಡಾಡಿದರೆ ಆಗದು.

ಹಂತ 2: ಲಿಖಿತ ಪರೀಕ್ಷೆ

ಬಹುತೇಕ ಇಲಾಖೆಗಳು ಬಳಸುವುದು ಪೋಸ್ಟ್ ಸಂಸ್ಥೆಯದೇ ಪರೀಕ್ಷೆ. ಹೆಸರು ಪೆಲೆಟ್-ಬಿ. ಕಾನೂನು, ಸಾಮಾನ್ಯ ಜ್ಞಾನ ಯಾವುದೂ ಇಲ್ಲ. ಬರವಣಿಗೆ, ಓದಿ ಅರ್ಥಮಾಡಿಕೊಳ್ಳುವುದು, ತರ್ಕ, ಇಷ್ಟೇ. ಅಂಕ ಬರುವುದು ಟಿ-ಸ್ಕೋರ್ ರೂಪದಲ್ಲಿ: ಸರಾಸರಿ ಅಭ್ಯರ್ಥಿಯ ಅಂಕವನ್ನು 50 ಎಂದು ಇಟ್ಟುಕೊಂಡು ನೀವು ಅದಕ್ಕಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಹೇಳುವ ಲೆಕ್ಕ. ಹಾಗಾಗಿ 50 ಬಂದರೆ "ಅರ್ಧ ಉತ್ತರ ತಪ್ಪಾಯಿತು" ಎಂದು ಕೊರಗಬೇಡಿ. ಪೋಸ್ಟ್ ಶಿಫಾರಸು ಮಾಡುವ ಕನಿಷ್ಠ 42. ಕೆಲವು ಇಲಾಖೆಗಳು ಇನ್ನೂ ಮೇಲೆ ಇಟ್ಟಿರುತ್ತವೆ.

ಕಾನ್ವೆಂಟಿನಲ್ಲಿ ಓದಿದವರೂ ತಡವರಿಸುವುದು ಕ್ಲೋಜ್ ಎಂಬ ಭಾಗದಲ್ಲಿ. ಒಂದು ಗದ್ಯಭಾಗ ಕೊಟ್ಟಿರುತ್ತಾರೆ. ಮೊದಲ ಮತ್ತು ಕೊನೆಯ ವಾಕ್ಯ ಇಡಿಯಾಗಿರುತ್ತವೆ. ನಡುವೆ ಪ್ರತಿ ಏಳನೆಯ ಪದ ಮಾಯ. ಹೋದ ಪದದಲ್ಲಿ ಎಷ್ಟು ಅಕ್ಷರಗಳಿದ್ದವೋ ಅಷ್ಟು ಗೆರೆ. ಆಯ್ಕೆಗಳಿಲ್ಲ, ಪದವನ್ನು ನೀವೇ ತುಂಬಬೇಕು. ಕನ್ನಡದಲ್ಲಿ ಹೇಳುವುದಾದರೆ, "ಅವನು ಕಿಟಕಿಯ ಗಾಜು _ _ _ ಒಳಗೆ ನುಗ್ಗಿದ" ಎಂಬಲ್ಲಿ "ತೆರೆದು" ಎಂದು ಬರೆಯುವ ಅವಸರ ಆಗುತ್ತದೆ. ಎರಡು ಸಾಲು ಕೆಳಗೆ ನೆಲದ ಮೇಲೆ ಚೂರುಗಳು ಬಿದ್ದಿದ್ದವು ಎಂದಿದ್ದರೆ ಅದು "ಒಡೆದು". ಎರಡೂ ಮೂರೇ ಅಕ್ಷರ! ಸುಳಿವು ಖಾಲಿ ಜಾಗದ ಮುಂದೆಯೂ ಇರುತ್ತದೆ, ಹಿಂದೆಯೂ ಇರುತ್ತದೆ. ಒಮ್ಮೆ ಪೂರ್ತಿ ಓದಿ, ಗಟ್ಟಿಯಾಗಿ ಗೊತ್ತಿರುವುದನ್ನು ತುಂಬಿ, ಆಮೇಲೆ ಉಳಿದದ್ದಕ್ಕೆ ಬನ್ನಿ. ದಿನಪತ್ರಿಕೆಯ ಸುದ್ದಿಯೊಂದರಲ್ಲಿ ಮನೆಯವರಿಂದ ಪದ ಅಳಿಸಿ ಕೊಡಿಸಿಕೊಂಡು ಅಭ್ಯಾಸ ಮಾಡಿದರೆ ಎರಡು ವಾರದಲ್ಲಿ ಕೈ ಕುದುರುತ್ತದೆ. ಪೋಸ್ಟ್ ಸಂಸ್ಥೆಯ ಅಭ್ಯಾಸ ಪುಸ್ತಿಕೆ ಅದರ ತಾಣದಲ್ಲಿ ಉಚಿತ, ದುಡ್ಡು ಕೊಟ್ಟು ಕೋಚಿಂಗ್ ಬೇಕಿಲ್ಲ.

ಕಾಗುಣಿತವೂ ಪರೀಕ್ಷೆಯ ಭಾಗ. ನಮ್ಮ ಶಾಲೆಗಳಲ್ಲಿ ಕಲಿಸಿದ್ದು ಬ್ರಿಟಿಷ್ ಕಾಗುಣಿತ, ಇಲ್ಲಿ ಬೇಕಾದ್ದು ಅಮೆರಿಕದ್ದು. ಕಲರ್, ಲೈಸೆನ್ಸ್, ಜಡ್ಜ್‌ಮೆಂಟ್ ಥರದ ಪದಗಳನ್ನು ಒಮ್ಮೆ ಬರೆದು ನೋಡಿಕೊಳ್ಳಿ. ಅಂಕ ಕಡಿಮೆ ಬಂದರೆ 30 ದಿನ ಕಳೆಯದೆ ಮತ್ತೆ ಬರೆಯಬೇಡಿ. ಬೇರೆ ಊರಿನಲ್ಲಿ ಬರೆದರೆ ಗೊತ್ತಾಗುವುದಿಲ್ಲ ಎಂದುಕೊಂಡವರ ಎರಡನೆಯ ಅಂಕವೇ ಅಸಿಂಧು ಆಗುತ್ತದೆ.

ಹಂತ 3: ಮೌಖಿಕ ಸಂದರ್ಶನ

ಸಾಮಾನ್ಯವಾಗಿ ಮೂವರು ಕೂತಿರುತ್ತಾರೆ. ಪ್ರಶ್ನೆಗಳು ಹೆಚ್ಚಾಗಿ "ಹೀಗಾದರೆ ಏನು ಮಾಡುತ್ತೀರಿ" ಎಂಬ ಬಗೆಯವು. ಜೊತೆಗಾರ ಅಧಿಕಾರಿ ಬೇಡಿ ಹಾಕಿದವನನ್ನು ಹೊಡೆಯುತ್ತಿದ್ದಾನೆ, ನೀವು? ತಡೆಯುತ್ತೇನೆ, ಮೇಲಧಿಕಾರಿಗೆ ವರದಿ ಮಾಡುತ್ತೇನೆ, ಎರಡೂ ಹೇಳಬೇಕು. ಇಲ್ಲಿ ತಡೆಯುವುದು ಕಾನೂನಿನ ಕರ್ತವ್ಯ, ತಡೆಯದಿದ್ದರೆ ಸರ್ಟಿಫಿಕೇಟ್ ಹೋಗಬಹುದು. ಹಿರಿಯರ ಮೇಲೆ ದೂರು ಹೇಳಬಾರದೆಂಬ ನಮ್ಮ ಸಂಕೋಚ ಈ ಕೋಣೆಯಲ್ಲಿ ಮುಳುವಾಗುತ್ತದೆ.

ಹಂತ 4: ಹಿನ್ನೆಲೆ ತನಿಖೆ

ಎಲ್ಲಕ್ಕಿಂತ ನಿಧಾನವಾಗುವ, ಎಲ್ಲಕ್ಕಿಂತ ಕಷ್ಟದ ಹಂತ ಇದು. ಕಸರತ್ತಿಗೆ ಕೊಡುವ ಸಮಯದಲ್ಲಿ ಅರ್ಧವನ್ನಾದರೂ ಇದಕ್ಕೆ ಕೊಡಿ.

ನಿಮ್ಮ ಕೈಗೆ ಬರುವುದು ಪರ್ಸನಲ್ ಹಿಸ್ಟರಿ ಸ್ಟೇಟ್‌ಮೆಂಟ್, ಪೋಸ್ಟ್ 2-251 ಎಂಬ ನಮೂನೆ. ಹತ್ತು ವಿಭಾಗ: ವೈಯಕ್ತಿಕ ವಿವರ, ಬಂಧುಗಳು ಮತ್ತು ಪರಿಚಿತರು, ಓದು, ವಾಸ, ಉದ್ಯೋಗ, ಸೈನ್ಯ, ಹಣಕಾಸು, ಕಾನೂನು, ವಾಹನ ಚಾಲನೆ, ಇತರೆ. ತನಿಖಾಧಿಕಾರಿ ಇದನ್ನು ಹಿಡಿದುಕೊಂಡು ಹಳೆಯ ಮಾಲೀಕರು, ರೂಮ್‌ಮೇಟ್‌ಗಳು, ನೆರೆಮನೆಯವರು, ವಿಚ್ಛೇದನವಾಗಿದ್ದರೆ ಮಾಜಿ ಪತಿ ಅಥವಾ ಪತ್ನಿ, ಎಲ್ಲರನ್ನೂ ಮಾತಾಡಿಸುತ್ತಾರೆ.

ಭಾರತದಲ್ಲಿ ಬದುಕಿದ್ದವರಿಗೆ ಅಡ್ಡ ಬರುವ ಸಂಗತಿಗಳು ಇವು.

ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್, ಇಲ್ಲಿನ ಡ್ರೈವಿಂಗ್ ಲೈಸೆನ್ಸಿನಲ್ಲಿ ಊರಿನ ಹೆಸರು ಬಿಟ್ಟುಹೋಗಿದೆ. ನಮಗೆ ಇದು ದಿನನಿತ್ಯದ ಸಂಗತಿ, ತನಿಖಾಧಿಕಾರಿಗೆ ಮೂರು ಬೇರೆ ಬೇರೆ ವ್ಯಕ್ತಿಗಳು. ಬಳಸಿದ ಎಲ್ಲ ರೂಪಗಳನ್ನೂ ಬರೆದು, ಇನಿಷಿಯಲ್ ಪದ್ಧತಿ ಏನೆಂದು ಅರ್ಧ ಪುಟದ ವಿವರಣೆ ಲಗತ್ತಿಸಿ.

ವಿಳಾಸ. ಹಿಂದಿನ 10 ವರ್ಷ ಎಲ್ಲೆಲ್ಲಿ ಇದ್ದಿರಿ, ಜೊತೆಗೆ ಯಾರಿದ್ದರು ಎಂದು ನಡುವೆ ಒಂದು ತಿಂಗಳೂ ಬಿಡದೆ ಬರೆಯಬೇಕು. ಬಿಟಿಎಂ ಲೇಔಟಿನ ಪಿ.ಜಿ.ಯಲ್ಲಿ ಎಂಟು ತಿಂಗಳು ಇದ್ದವರ ಹತ್ತಿರ ಕರಾರುಪತ್ರ ಇರುವುದಿಲ್ಲ, ಕೋಣೆ ಹಂಚಿಕೊಂಡವನ ಪೂರ್ತಿ ಹೆಸರೂ ನೆನಪಿರುವುದಿಲ್ಲ. ಹಳೆಯ ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯ ಎಚ್‌ಆರ್ ಪತ್ರ, ಹಳೆಯ ಇ-ಮೇಲ್‌ಗಳಿಂದ ತಾರೀಖು ಹೆಕ್ಕಿ. ಸಿಗದಿದ್ದರೆ "ಅಂದಾಜು" ಎಂದು ನಮೂದಿಸಿ ಕಾರಣ ಬರೆಯಿರಿ. ಕಲ್ಪಿಸಿ ತುಂಬಬೇಡಿ. ಭಾರತದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಬಹುದು. ಪಾಸ್‌ಪೋರ್ಟಿನಲ್ಲಿ ಹಳೆಯ ವಿಳಾಸ ಇದ್ದರೆ ಅದು ಬರುವುದು ತಡ, ಬೇಗ ಅರ್ಜಿ ಹಾಕಿ.

ಹಣ. ಕ್ರೆಡಿಟ್ ಕಾರ್ಡು, ಕಾರ್ ಲೋನ್ ಎಲ್ಲರೂ ಬರೆಯುತ್ತಾರೆ. ಭಾವನಿಂದ ಪಡೆದ ಕೈಸಾಲ, ಊರಿನಲ್ಲಿ ಕಟ್ಟುತ್ತಿರುವ ಚೀಟಿ, ಅಪ್ಪನ ಮನೆ ಸಾಲಕ್ಕೆ ಹಾಕಿದ ಜಾಮೀನು ಬಿಟ್ಟುಹೋಗುತ್ತವೆ. ಬ್ಯಾಂಕ್ ಖಾತೆಯಲ್ಲಿ ಪ್ರತಿ ತಿಂಗಳು ಹೋಗುವ ಮೊತ್ತ ಕಂಡಾಗ ಪ್ರಶ್ನೆ ಬಂದೇ ಬರುತ್ತದೆ.

ಕೇಸು. ಪೀನಲ್ ಕೋಡ್ 1203.4ರ ಅಡಿ ವಜಾ ಮಾಡಿಸಿಕೊಂಡ ಪ್ರಕರಣವನ್ನೂ ಹೇಳಲೇಬೇಕು. "ವಕೀಲರು ಅಳಿಸಿದ್ದಾರೆ" ಎಂಬುದು ಖಾಸಗಿ ಕೆಲಸಕ್ಕೆ ನಡೆಯಬಹುದು, ಇಲ್ಲಿ ನಡೆಯದು. ಆ ವಜಾ ಬಂದೂಕು ನಿಷೇಧವನ್ನು ತೆಗೆಯುವುದೂ ಇಲ್ಲ.

ಜಾಲತಾಣ. 2023ರಿಂದ, ದ್ವೇಷ ಗುಂಪುಗಳ ನಂಟು ಇದೆಯೇ ಎಂದು ನೋಡುವುದು ಕಡ್ಡಾಯ. ವಾಟ್ಸಾಪ್ ಬಳಗದಲ್ಲಿ ಇನ್ನೊಂದು ಧರ್ಮದ, ಜಾತಿಯ ಮೇಲೆ ವಿಷ ಕಾರುವ ಫಾರ್ವರ್ಡ್‌ಗಳನ್ನು ದಾಟಿಸುವ ಚಾಳಿ ಇದ್ದರೆ, "ನಾನು ಬರೆದಿದ್ದಲ್ಲ" ಎಂಬ ಉತ್ತರಕ್ಕೆ ಇಲ್ಲಿ ತೂಕವಿಲ್ಲ.

ಹಳೆಯ ಅರ್ಜಿ. ಹಿಂದೆ ಅರ್ಜಿ ಹಾಕಿದ ಪ್ರತಿ ಇಲಾಖೆಯ ಹೆಸರೂ ಬರೆಯಬೇಕು. ಹೊಸ ತನಿಖಾಧಿಕಾರಿ ಹಳೆಯ ಕಡತ ತರಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ಓದುತ್ತಾರೆ. ಅಲ್ಲಿ "ಎರಡು ಸಲ" ಎಂದದ್ದು ಇಲ್ಲಿ "ಒಂದು ಸಲ" ಆಗಿದ್ದರೆ ಸಂಗತಿ ಏನೆಂಬುದು ಹಿಂದೆ ಸರಿಯುತ್ತದೆ, ಸುಳ್ಳು ಹೇಳಿದ್ದು ಮುಂದೆ ಬರುತ್ತದೆ. ಕೊಟ್ಟ ಪ್ರತಿಯ ನಕಲು ಜೋಪಾನವಾಗಿಡಿ. ಹತ್ತೊಂಬತ್ತರ ವಯಸ್ಸಿನಲ್ಲಿ ಮಾಡಿದ ಹುಡುಗಾಟ ಒಪ್ಪಿಕೊಂಡವರು ಉಳಿದುಕೊಳ್ಳುವುದುಂಟು. ಮುಚ್ಚಿಟ್ಟು ಸಿಕ್ಕಿಬಿದ್ದವರು ಉಳಿಯುವುದಿಲ್ಲ. ಪಾಲಿಗ್ರಾಫ್, ಅಂದರೆ ಸುಳ್ಳು ಪತ್ತೆ ಪರೀಕ್ಷೆ, ಪೋಸ್ಟ್ ಸಂಸ್ಥೆಯ ಪ್ರಕಾರ ಕಡ್ಡಾಯವಲ್ಲ, ಆದರೂ ಹಲವು ಇಲಾಖೆಗಳು ಮಾಡಿಸುತ್ತವೆ.

ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಇರುವ ಅಪ್ಪ ಅಮ್ಮನಿಗೆ ಮೊದಲೇ ಹೇಳಿಡಿ. ಅಮೆರಿಕದ ನಂಬರಿನಿಂದ ಪೊಲೀಸರು ಎಂದು ಫೋನ್ ಬಂದರೆ ಅವರು ಸೈಬರ್ ವಂಚನೆ ಎಂದು ಕಟ್ ಮಾಡುವುದೇ ಹೆಚ್ಚು, ಮಾಡುವುದು ಸರಿಯೂ ಹೌದು.

ಹಂತ 5: ಷರತ್ತಿನ ಆಫರ್, ವೈದ್ಯರು, ಮನಶ್ಶಾಸ್ತ್ರಜ್ಞರು

ಹಿನ್ನೆಲೆ ಸರಿಯಿದ್ದರೆ "ಕಂಡಿಷನಲ್ ಆಫರ್" ಬರುತ್ತದೆ. ವೈದ್ಯಕೀಯ, ಮಾನಸಿಕ ಪರೀಕ್ಷೆಗಳು ಅದರ ನಂತರವೇ. ಆಫರ್ ಬಂತೆಂದು ಈಗಿರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ವೈದ್ಯಕೀಯದಲ್ಲಿ ಟಿಬಿ ಪರೀಕ್ಷೆ ಇದ್ದರೆ ಒಂದು ಮಾತು: ಚಿಕ್ಕಂದಿನಲ್ಲಿ ಬಿಸಿಜಿ ಚುಚ್ಚಿಸಿಕೊಂಡವರಿಗೆ ಚರ್ಮದ ಪರೀಕ್ಷೆ ಸುಮ್ಮಸುಮ್ಮನೆ ಪಾಸಿಟಿವ್ ಬರಬಹುದು. ತೋಳಿನ ಕಲೆ ತೋರಿಸಿ ರಕ್ತದ ಪರೀಕ್ಷೆ ಮಾಡಿ ಎಂದು ಕೇಳಿ.

ಮಾನಸಿಕ ಪರೀಕ್ಷೆಯಲ್ಲಿ ಕನಿಷ್ಠ ಎರಡು ಲಿಖಿತ ಪರೀಕ್ಷೆ, ಆಮೇಲೆ ಮುಖಾಮುಖಿ ಮಾತು. ಪೂರ್ವಗ್ರಹ ಇದೆಯೇ ಎಂಬುದನ್ನೂ ಅಳೆಯುತ್ತಾರೆ. "ನನಗೆ ಯಾವತ್ತೂ ಸಿಟ್ಟು ಬಂದಿಲ್ಲ" ಎಂಬಂಥ ಹೇಳಿಕೆಗಳಿಗೆಲ್ಲ ಹೌದು ಎಂದು ಗುರುತು ಹಾಕಿದರೆ, ತನ್ನನ್ನು ಸಂತನಂತೆ ತೋರಿಸಿಕೊಳ್ಳುವವರನ್ನು ಹಿಡಿಯುವ ಮಾಪಕವೇ ನಿಮ್ಮನ್ನು ಹಿಡಿಯುತ್ತದೆ. ಅನರ್ಹ ಎಂದರೆ ಬೇರೊಬ್ಬ ತಜ್ಞರಿಂದ ಸ್ವತಂತ್ರ ಮೌಲ್ಯಮಾಪನ ಮಾಡಿಸಿ ಸಲ್ಲಿಸುವ ಹಕ್ಕು ನಿಮಗಿದೆ.

ಹಂತ 6: ಅಕಾಡೆಮಿ

ಹೆಸರು ರೆಗ್ಯುಲರ್ ಬೇಸಿಕ್ ಕೋರ್ಸ್. ರಾಜ್ಯದ ಕನಿಷ್ಠ 664 ಗಂಟೆ, ಅನೇಕ ಅಕಾಡೆಮಿಗಳು ಅದಕ್ಕಿಂತ ಬಹಳ ಹೆಚ್ಚು ಕೊಡುತ್ತವೆ. ಪಾಠಗಳನ್ನು "ಲರ್ನಿಂಗ್ ಡೊಮೇನ್" ಎಂದು ಕರೆಯುತ್ತಾರೆ: ಬಂಧನದ ಕಾನೂನು 15, ಶೋಧ ಮತ್ತು ಜಪ್ತಿ 16, ವರದಿ ಬರೆಯುವುದು 18, ಬಲಪ್ರಯೋಗ 20, ಬಂದೂಕು 35. ಪೋಸ್ಟ್ ಪರೀಕ್ಷೆಯಲ್ಲಿ ಬಿದ್ದರೆ ಒಂದೇ ಒಂದು ಮರುಅವಕಾಶ. ಎರಡನೆಯ ಸಲವೂ ಬಿದ್ದರೆ ಮನೆಗೆ. ಬಂದೂಕಿನ ಬಗ್ಗೆ ಹೆದರಿ ಬಂದವರು ವರದಿ ಬರೆಯುವುದರಲ್ಲಿ ಬೀಳುವುದುಂಟು, ಏಕೆಂದರೆ ದಿನವಿಡೀ ಮೈ ದಣಿದ ಮೇಲೆ ರಾತ್ರಿ ಕೂತು ಬರೆಯಬೇಕು. ಯಾರು, ಏನು, ಎಷ್ಟು ಹೊತ್ತಿಗೆ, ನಾನು ಏನು ಕಂಡೆ, ಇಷ್ಟನ್ನು ಘಟನೆಯ ಕ್ರಮದಲ್ಲಿ, ಉತ್ತಮ ಪುರುಷದಲ್ಲಿ, ಭೂತಕಾಲದಲ್ಲಿ ಬರೆದರೆ ಸಾಕು. "ಆರೋಪಿಯು ಅನುಮಾನಾಸ್ಪದವಾಗಿ ವರ್ತಿಸಿದನು" ಎಂದರೆ ಅಂಕ ಹೋಯಿತು. ಕೈ ಜೇಬಿಗೆ ಹೋಯಿತೆ, ಎರಡು ಸಲ ಹಿಂದೆ ತಿರುಗಿ ನೋಡಿದನೆ, ಅದನ್ನು ಬರೆಯಬೇಕು.

ದೈಹಿಕ ಪರೀಕ್ಷೆ ಐದು ಭಾಗದ್ದು, ಒಟ್ಟು ಕನಿಷ್ಠ 384 ಅಂಕ: 99 ಗಜದ ಅಡೆತಡೆ ಓಟ, 165 ಪೌಂಡ್ ತೂಕದ ಬೊಂಬೆಯನ್ನು 32 ಅಡಿ ಎಳೆಯುವುದು, 6 ಅಡಿಯ ಜಾಲರಿ ಬೇಲಿ, 6 ಅಡಿಯ ನುಣುಪು ಗೋಡೆ, 500 ಗಜದ ಓಟ. ಬೊಂಬೆ ಸುಮಾರು 75 ಕಿಲೋ, ಅಂದರೆ ಊರಿನ ಸಿಮೆಂಟ್ ಮೂಟೆ ಒಂದೂವರೆಯಷ್ಟು. ಸೊಂಟ ಬಗ್ಗಿಸಿ ತೋಳು ಹಿಡಿದು ಎಳೆದವರು ನಾಲ್ಕು ಹೆಜ್ಜೆಗೇ ನಿಲ್ಲುತ್ತಾರೆ, ಬೆನ್ನೂ ಹಿಡಿದುಕೊಳ್ಳುತ್ತದೆ. ತಲೆಯ ಕಡೆ ಕುಕ್ಕರಗಾಲಲ್ಲಿ ಕೂತು, ಕಂಕುಳಡಿ ಕೈ ತೂರಿಸಿ ಎದೆಯ ಮೇಲೆ ಬೆಸೆದು, ತೊಡೆಯ ಬಲದಿಂದ ಎದ್ದು, ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯಿರಿ. ಗೋಡೆಗೆ ಬರೀ ತೋಳಿನ ಬಲ ನೆಚ್ಚಬೇಡಿ. ಓಡಿ ಬಂದ ವೇಗದಲ್ಲೇ ಒಂದು ಪಾದವನ್ನು ಗೋಡೆಯ ನಡುಮಟ್ಟಕ್ಕೆ ಒದ್ದು ಮೇಲೇಳಿ, ಎರಡೂ ಕೈ ಅಂಚಿಗೆ ಸಿಕ್ಕ ಕೂಡಲೇ ಒಂದು ಮೊಣಕೈ ಆಚೆ ಹಾಕಿ. ಗೋಡೆಯ ಮುಂದೆ ಬಂದು ಒಂದು ಕ್ಷಣ ನಿಂತಿರೋ, ವೇಗವೆಲ್ಲ ಹೋಯಿತು.

ಹಂತ 7: ಬೀದಿ, ಪ್ರೊಬೇಷನ್, ಕೊನೆಗೆ ಸರ್ಟಿಫಿಕೇಟ್

ಅಕಾಡೆಮಿಯಿಂದ ಬಂದ ಹಾಳೆ ಕೋರ್ಸ್ ಮುಗಿಸಿದ್ದಕ್ಕೆ ಸಾಕ್ಷಿ ಅಷ್ಟೆ. ನೇಮಕವಾದ ಮೇಲೆ ಇಲಾಖೆ ನಿಮಗಾಗಿ "ಪ್ರೂಫ್ ಆಫ್ ಎಲಿಜಿಬಿಲಿಟಿ" ಎಂಬ ತಾತ್ಕಾಲಿಕ ಅರ್ಹತಾ ಪತ್ರಕ್ಕೆ ಪೋಸ್ಟ್ ಸಂಸ್ಥೆಗೆ ಅರ್ಜಿ ಕಳಿಸುತ್ತದೆ. ಗಸ್ತಿನ ಕೆಲಸಕ್ಕೆ ಕನಿಷ್ಠ 10 ವಾರ ಅನುಭವಿ ಅಧಿಕಾರಿಯ ಪಕ್ಕ ಕೂತು ಕಲಿಯಬೇಕು, ಪ್ರತಿದಿನ ಅಂಕ ಬೀಳುತ್ತದೆ. ಹೊಸಬರು ಹೆಚ್ಚು ಬೈಸಿಕೊಳ್ಳುವುದು ವೈರ್‌ಲೆಸ್‌ನಲ್ಲಿ ತಡವರಿಸಿದ್ದಕ್ಕೆ ಮತ್ತು ತಾವಿರುವ ಬೀದಿಯ ಹೆಸರು ಗೊತ್ತಿಲ್ಲದ್ದಕ್ಕೆ. ಜಿಪಿಎಸ್ ಬಿಟ್ಟು ಆ ಊರಿನಲ್ಲಿ ಕಾರು ಓಡಿಸಿ ಅಭ್ಯಾಸ ಮಾಡಿಕೊಳ್ಳಿ. ಪ್ರೊಬೇಷನ್ ಮುಗಿದ ಮೇಲೆ ಬೇಸಿಕ್ ಸರ್ಟಿಫಿಕೇಟ್ ಸಿಗುತ್ತದೆ, 24 ತಿಂಗಳ ಒಳಗೆ ಅದನ್ನು ಪಡೆಯಲೇಬೇಕು. ಆಮೇಲೆ ಪ್ರತಿ 2 ವರ್ಷಕ್ಕೆ 24 ಗಂಟೆ ಮುಂದುವರಿದ ತರಬೇತಿ ಇರುತ್ತದೆ.

ಈಗಿನ ಕೆಲಸ ಬಿಡಲಾಗದವರು ಏನು ಮಾಡಬೇಕು?

ರಿಸರ್ವ್ ಆಫೀಸರ್ ಎಂಬ ಅರೆಕಾಲಿಕ ದಾರಿಯಿದೆ. ಮೂರು ದರ್ಜೆ. ಮೂರನೆಯದರಲ್ಲಿ ಮೆರವಣಿಗೆ, ಸಾಗಾಟದಂಥ ಸೀಮಿತ ಕೆಲಸ. ಎರಡನೆಯದರಲ್ಲಿ ಪೂರ್ಣ ತರಬೇತಿಯ ಅಧಿಕಾರಿಯ ಜೊತೆಗಿದ್ದು ಗಸ್ತು. ಒಬ್ಬರೇ ಗಸ್ತು ಹೋಗಬಹುದಾದದ್ದು ಒಂದನೆಯದು. ತರಬೇತಿಯನ್ನು ಸಂಜೆ, ವಾರಾಂತ್ಯಗಳಲ್ಲಿ ತುಂಡು ತುಂಡಾಗಿ ಮುಗಿಸುವ ಮಾಡ್ಯುಲರ್ ಅಕಾಡೆಮಿಗಳಿವೆ. ಸಂಬಳ ಇಲ್ಲವೆಂದೇ ಅಂದುಕೊಳ್ಳಿ. ಹಿನ್ನೆಲೆ ತನಿಖೆಯಲ್ಲಿ ಮಾತ್ರ ಅರೆಕಾಲಿಕ ಎಂಬುದಿಲ್ಲ. ಅದೇ ನಮೂನೆ, ಅದೇ ಹತ್ತು ವಿಭಾಗ, ಬಿಟಿಎಂ ಲೇಔಟಿನ ಅದೇ ರೂಮ್‌ಮೇಟ್‌ನ ಪೂರ್ತಿ ಹೆಸರು.